ಈಜು ಡಯಾಪರ್

ಈಜು ಡಯಾಪರ್ ಎಂಬುದು ಶಿಶುಗಳಿಗೂ ಪುಟ್ಟ ಮಕ್ಕಳಿಗೂ ಈಜುಕೊಳದಲ್ಲಿ ತೊಡಿಸುವ ಒಳ ಉಡುಪು. ಸಾಮಾನ್ಯ ಡಯಾಪರ್‌ನಲ್ಲಿರುವ ಸೋಡಿಯಂ ಪಾಲಿಅಕ್ರಿಲೇಟ್ ಕೊಳದ ನೀರನ್ನೇ ಹೀರಿ ಉಬ್ಬುವುದರಿಂದ ಡಯಾಪರ್ ಭಾರವಾಗಿ ಜೋತುಬೀಳುತ್ತದೆ. ಈಜು ಡಯಾಪರ್ ಹೆಚ್ಚು ನೀರು ಹೀರುವುದಿಲ್ಲ. ಆದ್ದರಿಂದಲೇ ಅದು ಮೂತ್ರವನ್ನು ತಡೆಯದು, ಗಟ್ಟಿ ಮಲವನ್ನಷ್ಟೇ ಹಿಡಿದಿಡುತ್ತದೆ. ಮನೆಯಿಂದಲೇ ತೊಡಿಸಿ ಹೊರಟರೆ ದಾರಿಯಲ್ಲೇ ಬಟ್ಟೆ ಒದ್ದೆಯಾದೀತು.

ಆಯ್ಕೆಯಲ್ಲಿ ವಯಸ್ಸಿಗಿಂತ ತೂಕ ಹಾಗೂ ಸೊಂಟ, ತೊಡೆಗಳ ಅಳತೆ ಮುಖ್ಯ. ಅಂಚುಗಳು ಸಂದಿಲ್ಲದಂತೆ ಕೂರಬೇಕು, ಆದರೆ ಚರ್ಮವನ್ನು ಒತ್ತಬಾರದು. ಪದೇ ಪದೇ ಈಜುವ ಮಕ್ಕಳಿಗೆ ಒಗೆದು ಬಳಸುವ ಬಟ್ಟೆಯ ಡಯಾಪರ್ ಮಿತವ್ಯಯಕರ.

ಯಾವ ಬಗೆಯದೂ ಸೋರಿಕೆಯನ್ನು ಪೂರ್ಣವಾಗಿ ತಡೆಯಲಾರದು. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ ಬೆರೆಸಿದ ನೀರಿನಲ್ಲೂ 7 ದಿನಗಳಿಗಿಂತ ಹೆಚ್ಚು ಕಾಲ ಬದುಕಬಲ್ಲದು. ಹಾಗಾಗಿ ಭೇದಿಯಿರುವ ಮಗುವನ್ನು ಯಾವ ಡಯಾಪರ್ ತೊಡಿಸಿಯೂ ನೀರಿಗಿಳಿಸಬಾರದು. ಉಳಿದ ಮಕ್ಕಳ ಡಯಾಪರನ್ನು ಗಂಟೆಗೊಮ್ಮೆ ಪರೀಕ್ಷಿಸಿ, ಕೊಳದ ಅಂಚಿನಿಂದ ದೂರದಲ್ಲಿ ಬದಲಿಸಬೇಕು.