ವೋಲ್ಟೇಜ್ ಏರಿಸಿದರೆ ಸಿಲಿಕಾನ್‌ನ ಒಳಗೆ ಏನಾಗುತ್ತದೆ?

ಮೊಬೈಲ್‌ನ ಚಿಪ್‌ನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳಿವೆ. ಪ್ರತಿಯೊಂದರ ಹೃದಯದಲ್ಲೂ ಇರುವುದು ಒಂದು ಮಾಸ್ ಕೆಪಾಸಿಟರ್. ಮೇಲೆ ಗೇಟ್ ಎಂಬ ಲೋಹದ ಪದರ, ನಡುವೆ ಗಾಜಿನಂಥ ಆಕ್ಸೈಡ್, ಕೆಳಗೆ ಸಿಲಿಕಾನ್. ಮಾಮೂಲಿ ಕೆಪಾಸಿಟರ್‌ನಲ್ಲಿ ಎರಡೂ ಕಡೆ ಲೋಹ, ಇಲ್ಲಿ ಒಂದು ಕಡೆ ಅರೆವಾಹಕ. ವಿಶೇಷವೆಲ್ಲ ಅದರಲ್ಲೇ ಇದೆ.

ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳಿಗೆ ಎರಡು ಅಂತಸ್ತು. ಕೆಳಗಿನದು ತುಂಬಿದ ವೇಲೆನ್ಸ್ ಪಟ್ಟಿ, ಮೇಲಿನದು ಬಹುತೇಕ ಖಾಲಿಯಿರುವ ವಾಹಕ ಪಟ್ಟಿ. ಅಂತರ 1.12 ಎಲೆಕ್ಟ್ರಾನ್ ವೋಲ್ಟ್. ಬೋರಾನ್ ಬೆರೆಸಿದರೆ ಕೆಳಗಿನ ಪಟ್ಟಿಯಲ್ಲಿ ಖಾಲಿ ಜಾಗಗಳು ಹುಟ್ಟುತ್ತವೆ. ಇವನ್ನು ರಂಧ್ರಗಳು ಎನ್ನುತ್ತಾರೆ. ಇಂಥ ಸಿಲಿಕಾನ್‌ನಲ್ಲಿ ವಿದ್ಯುತ್ ಸಾಗಿಸುವವು ಇವೇ.

ಗೇಟ್‌ಗೆ ಋಣ ವೋಲ್ಟೇಜ್ ಕೊಟ್ಟರೆ ರಂಧ್ರಗಳು ಮೇಲ್ಮೈಗೆ ಬಂದು ಸೇರುತ್ತವೆ, ಅಷ್ಟೇ. ಧನ ವೋಲ್ಟೇಜ್ ಕೊಟ್ಟಾಗ ರಂಧ್ರಗಳು ದೂರ ಸರಿಯುತ್ತವೆ, ಮೇಲ್ಮೈ ಬಳಿ ಎರಡೂ ಪಟ್ಟಿಗಳು ಒಟ್ಟಿಗೇ ಕೆಳಕ್ಕೆ ಬಾಗಿ ಹೊಂಡವಾಗುತ್ತದೆ. ನೀರು ತಗ್ಗಿಗೆ ಹರಿದಂತೆ ಎಲೆಕ್ಟ್ರಾನ್‌ಗಳು ಅಲ್ಲಿಗೆ ಇಳಿಯುತ್ತವೆ. ಬಾಗು 60 ಮಿಲಿವೋಲ್ಟ್ ಹೆಚ್ಚಿದರೆ ಅವುಗಳ ಸಾಂದ್ರತೆ ಸುಮಾರು ಹತ್ತು ಪಟ್ಟು! ಬಾಗು 0.7 ವೋಲ್ಟ್ ಆಸುಪಾಸಿಗೆ ಬರುವಷ್ಟರಲ್ಲಿ ಮೇಲ್ಮೈಯ ಗುಣವೇ ತಿರುಗಿ, ರಂಧ್ರಗಳ ಊರಿನಲ್ಲಿ ಎಲೆಕ್ಟ್ರಾನ್‌ಗಳದ್ದೇ ಕಾರುಬಾರು.

ವೋಲ್ಟೇಜ್ ಇನ್ನೂ ಏರಿಸಿದರೆ ಪಟ್ಟಿಗಳು ಇನ್ನೂ ಬಾಗುತ್ತವೆ ಎಂದು ತೋರಬಹುದು. ಹಾಗಾಗುವುದಿಲ್ಲ. ನೆರೆದ ಎಲೆಕ್ಟ್ರಾನ್‌ಗಳೇ ಅಡ್ಡ ನಿಲ್ಲುವುದರಿಂದ ಬಾಗು ಬಹುತೇಕ ಅಲ್ಲಿಗೇ ನಿಲ್ಲುತ್ತದೆ, ಹೆಚ್ಚಿನ ಭಾರವೆಲ್ಲ ಆಕ್ಸೈಡ್ ಮೇಲೆ. ಒಂದು ನ್ಯಾನೋಮೀಟರ್ ದಪ್ಪಕ್ಕೆ ಸುಮಾರು ಒಂದು ವೋಲ್ಟ್, ಅದರ ತಾಳ್ಮೆ ಅಷ್ಟೇ. ನಮ್ಮ ಬೆರಳಿನಿಂದ ಹಾರುವ ಸ್ಥಿರ ವಿದ್ಯುತ್ತು ಸಾವಿರಾರು ವೋಲ್ಟ್. ಚಿಪ್ ರಿಪೇರಿ ಮಾಡುವವರು ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳುವುದು ಇದಕ್ಕೇ.

ಆದರೆ ಈ ಎಲೆಕ್ಟ್ರಾನ್‌ಗಳು ಬರುವುದೆಲ್ಲಿಂದ? ಟ್ರಾನ್ಸಿಸ್ಟರ್‌ನಲ್ಲಿ ಪಕ್ಕದ ಸೋರ್ಸ್‌ನಿಂದ, ಕ್ಷಣದಲ್ಲಿ. ಒಂಟಿ ಕೆಪಾಸಿಟರ್‌ನಲ್ಲಾದರೆ ಶಾಖದಿಂದ ಒಂದೊಂದಾಗಿ ಹುಟ್ಟಬೇಕು. ಶುದ್ಧ ಸಿಲಿಕಾನ್ ಕತ್ತಲಲ್ಲಿದ್ದರೆ ಇದಕ್ಕೆ ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳೇ ಬೇಕು. ವೋಲ್ಟೇಜನ್ನು ಥಟ್ಟನೆ ಏರಿಸಿದರೆ ಎಲೆಕ್ಟ್ರಾನ್‌ಗಳು ಹೊತ್ತಿಗೆ ಬರುವುದಿಲ್ಲ. ಪಟ್ಟಿಗಳು 0.7 ವೋಲ್ಟ್ ದಾಟಿ ಬಾಗುತ್ತವೆ, ಖಾಲಿ ಹೊಂಡ ಆಳವಾಗುತ್ತದೆ. ಆಗ ಬೆಳಕು ಬಿದ್ದರೆ ಅದು ಹುಟ್ಟಿಸಿದ ಎಲೆಕ್ಟ್ರಾನ್‌ಗಳು ಹೊಂಡದಲ್ಲಿ ಶೇಖರವಾಗುತ್ತವೆ. ಎಣಿಸಿದರೆ ಚಿತ್ರ! 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಇದೇ. 2009ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಶಾಖದ ಎಲೆಕ್ಟ್ರಾನ್‌ಗಳು ಬೆಳಕಿನವೆಂದು ಮೋಸ ಮಾಡದಿರಲಿ ಎಂದು ದೂರದರ್ಶಕಗಳ ಸಿಸಿಡಿಯನ್ನು ಶೂನ್ಯಕ್ಕಿಂತ ಬಹಳ ಕೆಳಗೆ ತಣ್ಣಗಿಡುತ್ತಾರೆ.