ನಿಮಗಿದು ಗೊತ್ತೆ? ‘ಚ್ಯಾಟಲ್’ ಎಂದರೆ ದನವೂ ಹೌದು, ಧನವೂ ಹೌದು

ಇಂಗ್ಲಿಷ್ ಕಾನೂನಿನಲ್ಲಿ ‘ಚ್ಯಾಟಲ್’ ಎಂದರೆ ಮುಖ್ಯವಾಗಿ ಚರಾಸ್ತಿ, ಅಂದರೆ ನೆಲ ಮತ್ತು ಕಟ್ಟಡಗಳಂತೆ ಒಂದೆಡೆ ಸ್ಥಿರವಾಗಿರದೆ ಒಡೆಯನೊಡನೆ ಸಾಗಬಲ್ಲ ಸ್ವತ್ತು. ‘ತಲೆ’ ಎಂಬರ್ಥದ ಲ್ಯಾಟಿನ್ ಪದ ‘ಕಾಪುಟ್’ನಿಂದ ಬಂದ ‘ಕಾಪಿಟಾಲೆ’ ಮಧ್ಯಯುಗದಲ್ಲಿ ಆಸ್ತಿಯನ್ನು ಸೂಚಿಸುತ್ತಿತ್ತು. ಅದರ ನಾರ್ಮನ್ ಫ್ರೆಂಚ್ ರೂಪವು ಇಂಗ್ಲಿಷಿನಲ್ಲಿ ‘ಕ್ಯಾಟಲ್’ ಆಗಿ ಕ್ರಮೇಣ ಜಾನುವಾರುಗಳಿಗೆ ಸೀಮಿತವಾದರೆ, ಇನ್ನೊಂದು ಫ್ರೆಂಚ್ ರೂಪವು ‘ಚ್ಯಾಟಲ್’ ಆಗಿ ನ್ಯಾಯಾಲಯದ ಭಾಷೆಯಲ್ಲಿ ನೆಲೆನಿಂತಿತು. ಬಂಡವಾಳವೆಂಬರ್ಥದ ‘ಕ್ಯಾಪಿಟಲ್’ ಕೂಡ ಇದೇ ಮೂಲದ್ದು. ಕನ್ನಡದ ‘ದನ’ವು ಸಂಸ್ಕೃತದ ‘ಧನ’ದ ತದ್ಭವವಾಗಿರುವುದರಿಂದ, ಸಂಪತ್ತಿನ ಹೆಸರೇ ಹಸು ಎತ್ತುಗಳ ಹೆಸರಾದ ಈ ಅರ್ಥಸಂಕೋಚ, ಅಂದರೆ ಪದದ ವ್ಯಾಪ್ತಿ ಕಿರಿದಾಗುವ ಕ್ರಿಯೆ, ಕನ್ನಡಿಗರಿಗೆ ಹೊಸದೇನಲ್ಲ.

ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ಹಂಚಿಕೆಗಾಗಿ ಇಂಗ್ಲೆಂಡಿನಲ್ಲಿ 1925ರಲ್ಲಿ ರೂಪಿಸಿದ ಕಾಯ್ದೆಯು ಕುದುರೆ, ಸಾರೋಟು, ಮೋಟಾರು ಕಾರು, ಸಾಕುಪ್ರಾಣಿ, ಬೆಳ್ಳಿಯ ಪಾತ್ರೆ, ಪಿಂಗಾಣಿ, ಪುಸ್ತಕ, ಒಡವೆ, ದ್ರಾಕ್ಷಾರಸಗಳನ್ನೆಲ್ಲ ‘ವೈಯಕ್ತಿಕ ಚ್ಯಾಟಲ್’ಗಳೆಂದು ಒಂದೊಂದಾಗಿ ಹೆಸರಿಸಿತ್ತು. 2014ರ ಕಾಯ್ದೆಯು ಈ ಸೊಗಸಾದ ಪಟ್ಟಿಯನ್ನು ಕೈಬಿಟ್ಟು, ಹಣವನ್ನೂ ಮುಖ್ಯವಾಗಿ ವ್ಯಾಪಾರಕ್ಕೆ ಬಳಸುತ್ತಿದ್ದ ಮತ್ತು ಹೂಡಿಕೆಗೆಂದಷ್ಟೇ ಇಟ್ಟ ವಸ್ತುಗಳನ್ನೂ ಹೊರತುಪಡಿಸಿದ ಮೂರ್ತ ಚರಾಸ್ತಿ ಎಂದು ಅದನ್ನು ಚಿಕ್ಕದಾಗಿ ವ್ಯಾಖ್ಯಾನಿಸಿತು. ವಿಚಿತ್ರವೆಂದರೆ, ನಿಗದಿತ ಅವಧಿಗೆ ಪಡೆದ ಭೂಮಿಯ ಗುತ್ತಿಗೆಯನ್ನೂ ಆ ದೇಶದ ಕಾನೂನು ‘ಸ್ಥಿರ ಚ್ಯಾಟಲ್’ ಎಂದೇ ಎಣಿಸಿತು.

ಈ ಪದದ ಅತ್ಯಂತ ಘೋರ ಬಳಕೆ ಅಮೆರಿಕದಲ್ಲಿ ನಡೆಯಿತು: ದಕ್ಷಿಣ ಕೆರೊಲಿನಾದ 1740ರ ಕಾನೂನು ಗುಲಾಮರನ್ನೂ ಅವರಿಗೆ ಮುಂದೆ ಹುಟ್ಟುವ ಮಕ್ಕಳನ್ನೂ ಒಡೆಯರ ‘ಚ್ಯಾಟಲ್’ ಎಂದೇ ಘೋಷಿಸಿತು. ಮನುಷ್ಯರನ್ನು ಮಾರಬಹುದಾದ ಸ್ವತ್ತಾಗಿಸಿದ ಆ ಪದ್ಧತಿಯನ್ನು ಇತಿಹಾಸಕಾರರು ಇಂದಿಗೂ ‘ಚ್ಯಾಟಲ್ ಗುಲಾಮಗಿರಿ’ ಎಂದು ಕರೆಯುತ್ತಾರೆ.