ಮಹಾವೀರಾಚಾರ್ಯರ ಸಂಖ್ಯಾಹಾರ: 12345654321

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ದಿಗಂಬರ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಸಂಸ್ಕೃತ ಪದ್ಯಗಳಲ್ಲಿರುವ ಈ ಗ್ರಂಥದ ಗುಣಾಕಾರದ ಭಾಗದಲ್ಲಿ ವಿಶಿಷ್ಟವಾದ ಕೆಲವು ಲೆಕ್ಕಗಳಿವೆ. ಅವುಗಳ ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಆಚಾರ್ಯರು ಇಂಥ ಸಂಖ್ಯೆಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಅವುಗಳಲ್ಲಿ ಒಂದು:

27994681 × 441 = 12345654321

ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳ ಸಂಖ್ಯೆ ಇದು.

ಹಾರ ಮೂಡುವುದು ಹೇಗೆ?

ಈ ಸಂಖ್ಯೆ 111111ರ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿ ಸಾಲೂ 111111. ಒಂದೊಂದು ಸಾಲು ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಕೂಡಿದಾಗ ಬಲತುದಿಯ ಕಂಬಸಾಲಿನಲ್ಲಿ ಒಂದು 1, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಬಳಿಕ ಅದೇ ಕ್ರಮದಲ್ಲಿ ಇಳಿಕೆ. ಯಾವ ಮೊತ್ತವೂ 9ನ್ನು ಮೀರದ ಕಾರಣ ದಶಕವನ್ನು ಎಡಕ್ಕೆ ಒಯ್ಯುವ ಪ್ರಸಂಗ ಬರುವುದಿಲ್ಲ. ಒಂಬತ್ತು 1ಗಳವರೆಗೂ ಹೀಗೆಯೇ ನಡೆಯುತ್ತದೆ. ಹತ್ತು 1ಗಳಾದರೆ ನಡುವಿನ ಮೊತ್ತ 10 ಆಗಿ, ಉತ್ತರ 1234567900987654321 ಎಂದು ಬಂದು ಹಾರ ಕಡಿಯುತ್ತದೆ.

441 ಎಲ್ಲಿಂದ ಬಂತು?

111111 = 3 × 7 × 11 × 13 × 37. ಇವು ಐದೂ ಅವಿಭಾಜ್ಯ ಸಂಖ್ಯೆಗಳು. ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ ಬರುತ್ತದೆ. 3 × 7 = 21, ಅದರ ವರ್ಗ 441. ಉಳಿದ 11 × 13 × 37 = 5291, ಅದರ ವರ್ಗ 27994681. ಹಾರವನ್ನು ಬಿಚ್ಚಿದಾಗ ಸಿಗುವ ಎರಡು ಎಳೆಗಳಲ್ಲಿ ಹಾರದ ಸುಳಿವೇ ಕಾಣದು. ಸರಿಯಾಗಿ ಗುಣಿಸಿದವರಿಗೆ ಮಾತ್ರ ಅದು ಕಾಣುತ್ತದೆ. ಕಲಿಯುವವರಿಗೆ ಇದರಿಂದ ದೊಡ್ಡ ಪ್ರಯೋಜನವಿದೆ. ಒಂದೇ ಒಂದು ಅಂಕಿ ತಪ್ಪಿದರೂ ಏರಿಳಿತ ಕೆಡುವುದರಿಂದ, ಉತ್ತರವೇ ತಪ್ಪನ್ನು ತೋರಿಸಿಕೊಡುತ್ತದೆ.

ಮನೆಯ ಮಕ್ಕಳಿಂದ ಮಾಡಿಸಬಹುದಾದ ಇನ್ನೆರಡು ಲೆಕ್ಕಗಳೂ ಅದೇ ಗ್ರಂಥದಲ್ಲಿವೆ: 139 × 109 ಮತ್ತು 12345679 × 9. ಎರಡನೆಯದರಲ್ಲಿ 8 ಇಲ್ಲದಿರುವುದು ಅಚ್ಚಿನ ತಪ್ಪಲ್ಲ. ಗುಣಿಸಿ ನೋಡಿದರೆ ಕಾರಣ ತಿಳಿಯುತ್ತದೆ.